ಎಡಕ್ಕೆ ಹೊಸೆದ ಕರಿದಾರ

ನಮ್ಮ ಮಂದಿಯಲ್ಲಿ ಕೂಸು ಹುಟ್ಟಿದ ಐದನೆಯ ದಿನ ಅದರ ಬಲಗೈಗೆ ಕರಿ ಉಣ್ಣೆಯ ದಾರ ಕಟ್ಟುತ್ತಾರೆ. ಅಂದು ಸಟವಿ ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳಂತೆ. ಬರೆಯುವ ಮುನ್ನ ಕೈ ಹಿಡಿದು ನೋಡುತ್ತಾಳೆ, ಕರಿದಾರ ಕಂಡರೆ ಇದು ಕುರಿಗಾರರ ದೇವರು ಬೀರೋಬಾನ ಮನೆಯ ಕೂಸು ಎಂದು ಒಳ್ಳೆಯ ಮಾತನ್ನೇ ಬರೆದು ಹೋಗುತ್ತಾಳೆ. ಇದನ್ನೆಲ್ಲ ನಂಬುತ್ತೀರಾ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನಂಬುವುದಿಲ್ಲ ಎಂದರೆ ಸುಳ್ಳಾಗುತ್ತದೆ, ನಂಬುತ್ತೇನೆ ಎನ್ನಲು ನಾಚಿಕೆ. ಅಕ್ಕಲಕೋಟ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು ನಾನು.

ದಾರಕ್ಕೆ ಕಟ್ಟಳೆಗಳಿವೆ. ಉಣ್ಣೆ ಕರಿ ಮರಿಯ ಮೊದಲ ಕತ್ತರಿಕೆಯದಾಗಿರಬೇಕು, ಆ ಮರಿ ಬದುಕಿರಬೇಕು. ಅದನ್ನು ಕೈಯಲ್ಲಿ ತಿರುಗಿಸುವ ಕಟ್ಟಿಗೆಯ ಕದರಿನಲ್ಲಿ ನೂಲಬೇಕು. ಕಂಬಳಿಯ ನೂಲಿಗೆ ಕದರನ್ನು ಬಲಕ್ಕೆ ತಿರುಗಿಸಿದರೆ ಈ ದಾರಕ್ಕೆ ಎಡಕ್ಕೆ ತಿರುಗಿಸಬೇಕು. ಕೆಟ್ಟ ದೃಷ್ಟಿ ಎಡದ ಹುರಿಯೊಳಗೆ ಹೊಕ್ಕರೆ ದಾರಿ ತಪ್ಪಿ ಅಲ್ಲೇ ಉಳಿಯುತ್ತದೆ ಎಂದು ನನ್ನ ಅವ್ವ ಹೇಳುತ್ತಿದ್ದಳು. ನೂಲುವವಳು ನೂಲಿ ಮುಗಿಸುವ ತನಕ ಬಾಯಿ ಬಿಡುವಂತಿಲ್ಲ. ಎದುರಿಗೆ ಇನ್ನೊಬ್ಬ ಹೆಂಗಸು ಕೂತು ದಾರ ಹುಟ್ಟಿದ ಕಥೆ ಹೇಳಬೇಕು. ಇನ್ನು ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ನೂಲುವವಳು ಉಡಿ ತುಂಬಿದಾಕಿ ಆಗಿರಬೇಕು. ಅಂದರೆ ಅವಳು ಹೆತ್ತ ಮಕ್ಕಳೆಲ್ಲ ಬದುಕಿರಬೇಕು, ಒಂದೂ ಮಣ್ಣಿಗೆ ಹೋಗಿರಬಾರದು.

ನಾನು ಹೆತ್ತದ್ದು ಒಂದೇ, ಹೆಣ್ಣು. ನಡೆಯಲು ಕಲಿಯುವ ಮೊದಲೇ ಹೋಯಿತು. ಆಮೇಲೆ ಆಗಲಿಲ್ಲ.

ಆ ದಾರದಿಂದ ಇನ್ನೊಂದು ಉಪಯೋಗವೂ ಇದೆ, ಅದನ್ನು ಯಾರೂ ಕಥೆಯಲ್ಲಿ ಸೇರಿಸುವುದಿಲ್ಲ. ಕಟ್ಟುವಾಗ ಒಂದು ಬೆರಳು ಆಡುವಷ್ಟು ಸಡಿಲ ಬಿಟ್ಟಿರುತ್ತಾರೆ. ಕೂಸು ಮೈತುಂಬಿಕೊಂಡಂತೆ ದಾರ ಬಿಗಿಯಾಗುತ್ತದೆ. ಬಿಗಿಯಾಯಿತು ಎಂದರೆ ಮನೆಯಲ್ಲಿ ಸಂಭ್ರಮ, ಬಿಚ್ಚಿ ಮತ್ತೆ ಸಡಿಲ ಮಾಡಿ ಕಟ್ಟುತ್ತಾರೆ. ತಕ್ಕಡಿ ಇಲ್ಲದ ಕಾಲದ ತಕ್ಕಡಿ ಅದು. ನನ್ನ ಮಗಳ ಕೈಯಲ್ಲಿ ದಾರ ಬಿಗಿಯಾಗಲೇ ಇಲ್ಲ. ಬಂದವರು ನೋಡಿ ಏನಾದರೂ ಅಂದಾರು ಎಂದು ನಾನು ಗಂಟನ್ನು ಹಿಂದಕ್ಕೆ ಸರಿಸಿ ಬಿಗಿ ಮಾಡಿ ಕಟ್ಟಿಡುತ್ತಿದ್ದೆ. ವೈದ್ಯರ ಬಳಿಗೂ ಒಯ್ದಿದ್ದೆವು, ಅವರ ಕೈಯಲ್ಲೂ ಆಗಲಿಲ್ಲ.

ಮಗಳು ಹೋದ ಮೇಲೆ ತವರುಮನೆ ಚಪಳಗಾಂವಕ್ಕೆ ಹೋಗಿ ಕೆಲವು ವಾರ ಇದ್ದೆ. ನೂಲುವುದರಲ್ಲಿ ನಮ್ಮ ಮನೆಯಲ್ಲಿ ನನ್ನ ಕೈಯೇ ಚಲೋ ಎಂದು ಹೆಸರಿತ್ತು. ನನ್ನ ಕದರು ಅಡುಗೆಮನೆಯ ಗೂಟಕ್ಕೆ ತೂಗುತ್ತಿತ್ತು. ಒಂದು ದಿನ ನೋಡಿದರೆ ಗೂಟದಲ್ಲಿ ಕದರು ಇರಲಿಲ್ಲ. ಅವ್ವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂದಿನಿಂದ ಯಾರ ಮನೆಯಲ್ಲಿ ಕೂಸಿಗೆ ದಾರ ಕಟ್ಟಿದರೂ ನಾನು ಬಾಗಿಲ ಹತ್ತಿರವೇ ಕೂಡುತ್ತೇನೆ. ಹಾಗೆ ಕೂಡು ಎಂದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ.

ಈಗ ನನ್ನ ಅಣ್ಣನ ಮಗಳ ವಿಷಯ. ಅವಳನ್ನು ಸೊಲ್ಲಾಪುರದ ಮನೆತನಕ್ಕೆ ಕೊಟ್ಟಿದ್ದೇವೆ. ಅವರೂ ನಮ್ಮ ಹಾಗೆ ಕುರಿ ಕಾಯ್ದ ಮಂದಿ, ಆದರೆ ಮರಾಠಿ ಮಾತಿನವರು, ಈಗ ಎಲ್ಲರೂ ನೌಕರಿಯಲ್ಲಿದ್ದಾರೆ. ಮದುವೆಯಾಗಿ ಬಹಳ ದಿನಕ್ಕೆ ಬಸುರಾದಳು. ದಿನ ತುಂಬುತ್ತ ಬಂದಾಗ ಅವಳ ತಾಯಿ, ಅಂದರೆ ನನ್ನ ವೈನಿ, ಚಪಳಗಾಂವದಿಂದ ಫೋನ್ ಮಾಡಿದಳು. ಹಿಂದಿನ ಚಳಿಗಾಲದಲ್ಲಿ ವೈನಿಗೆ ಲಕ್ವಾ ಹೊಡೆದಿತ್ತು.

"ನನ್ನ ಬಲಗೈ ಏಳವಲ್ದು. ಕದರ ಹಿಡಿಯಾಕ ಆಗವಲ್ದು. ಸೊಲ್ಲಾಪುರದಾಗ ಎಲ್ಲಾ ಸಿಗತೈತಿ ಅಂತಾರ. ನವಿ ಪೇಠದಾಗ ಒಂದು ಉಣ್ಣಿ ದಾರ ನೋಡ."

ನಾನು ಸೊಲ್ಲಾಪುರದಲ್ಲೇ ಇರುವವಳು, ನವಿ ಪೇಠ ನನಗೇನು ದೂರವಲ್ಲ. ಹೋದೆ. ಅಂಗಡಿಯಲ್ಲಿ ಕರಿದಾರಗಳು ಮುಷ್ಟಿಗಟ್ಟಲೆ ತೂಗುತ್ತಿದ್ದವು. ಗೆಜ್ಜೆ ಪೋಣಿಸಿದ್ದು, ಪ್ಲಾಸ್ಟಿಕ್ಕಿನ ನೀಲಿ ಕಣ್ಣು ಅಂಟಿಸಿದ್ದು, ಕಾರಿನ ಕನ್ನಡಿಗೆ ಕಟ್ಟುವುದು, ಮೊಬೈಲಿಗೆ ಕಟ್ಟುವುದು. ಉಣ್ಣೆಯದು ಬೇಕು ಎಂದೆ. ಅಂಗಡಿಯವನು ಸ್ವೆಟರ್ ಹೆಣೆಯುವ ಕರಿ ಉಂಡೆಯೊಂದನ್ನು ತೆಗೆದು ಮುಂದಿಟ್ಟ.

"ಅಕ್ಕಾರ, ಇದ ಚಾಲತೈತ್ರಿ. ಸಗಳೇ ಲೋಕ, ಎಲ್ಲಾರೂ ಇದನ್ನ ಒಯ್ಯತಾರ."

ತಂದು ಒಂದು ಎಳೆ ಕಿತ್ತು ಗ್ಯಾಸ್ ಒಲೆಗೆ ಹಿಡಿದೆ. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಬೇಕು. ಇದು ಕರಗಿ ಕರಿ ಗುಳಿಗೆಯಾಗಿ ಚಿಮಟಕ್ಕೆ ಅಂಟಿಕೊಂಡಿತು. ಆ ವಿಜ್ಞಾನ ನನಗೆ ಗೊತ್ತು. ಪೆಟ್ರೋಲಿಯಂನಿಂದ ಆದ ದಾರಕ್ಕೂ ಕುರಿಯಿಂದ ಆದ ದಾರಕ್ಕೂ ಕೂಸಿನ ಹಣೆಬರಹದಲ್ಲಿ ಏನು ವ್ಯತ್ಯಾಸ ಎಂದು ಅದೇ ವಿಜ್ಞಾನದವಳು ಯಾಕೆ ತಲೆ ಕೆಡಿಸಿಕೊಳ್ಳಬೇಕು? ಕೆಡಿಸಿಕೊಂಡೆ. ಮರುದಿನ ಬಸ್ಸು ಹತ್ತಿ ಚಪಳಗಾಂವಕ್ಕೆ ಹೋದೆ.

ಅಣ್ಣನ ಬಳಿ ಈಗಲೂ ಕುರಿಗಳಿವೆ. ಮಗಳು ಬಸುರಿ ಎಂದು ತಿಳಿದ ದಿನದಿಂದಲೇ ಕರಿ ಮರಿಯ ಮೊದಲ ಉಣ್ಣೆಯನ್ನು ಬಟ್ಟೆಯಲ್ಲಿ ಕಟ್ಟಿ ದೇವರ ಮಾಡದಲ್ಲಿ ಇಟ್ಟಿದ್ದ. ವೈನಿ ನನ್ನೆದುರು ಎಡಗೈಯಿಂದ ಕದರು ತಿರುಗಿಸಿ ನೋಡಿದಳು. ಅದು ಅವಳ ಕೈಯಿಂದ ಜಾರಿ ಉರುಳುತ್ತ ಬಂದು ನನ್ನ ಕಾಲ ಬಳಿ ನಿಂತಿತು. ವೈನಿ ಕದರನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಮುಖ ಆ ಕಡೆ ಮಾಡಿದಳು. ನನ್ನ ಕೈ ಅದನ್ನು ಎತ್ತಲು ಅರ್ಧ ಹೋಗಿತ್ತು. ಸೆರಗು ಸರಿಮಾಡಿಕೊಳ್ಳುವವಳಂತೆ ಹಿಂದಕ್ಕೆ ತೆಗೆದುಕೊಂಡೆ. ಸಾಲಿ ಬಾಯಿ, ಅಂದರೆ ಶಾಲೆಯ ಶಿಕ್ಷಕಿ, ಎಂದು ಊರೆಲ್ಲ ಗೌರವದಿಂದ ಕರೆಯುವ ನನಗೆ ಆ ಹೊತ್ತು ಎಷ್ಟು ನಾಚಿಕೆಯಾಯಿತೆಂದರೆ ಕದರನ್ನು ಕಾಲಿನಿಂದಲೇ ಮೆಲ್ಲಗೆ ವೈನಿಯ ಕಡೆ ದೂಡಿದೆ.

ಊರಲ್ಲಿ ನೂಲುವವರು ಯಾರೂ ಉಳಿದಿಲ್ಲ. ವೈನಿ ಯೋಚನೆ ಮಾಡಿ ಭಂಡಾರಕವಠೆಯಿಂದ ತನ್ನ ಚಿಕ್ಕವ್ವನ ಮಗಳನ್ನು ಕರೆಸಿದಳು. ಮಕ್ಕಳು, ಮೊಮ್ಮಕ್ಕಳು, ಎಲ್ಲರೂ ಗಟ್ಟಿಮುಟ್ಟಾಗಿರುವ ಹೆಂಗಸು. ಅವಳ ಉಡಿ ತುಂಬಿತ್ತು, ಬಾಯಿಯೂ ತುಂಬಿತ್ತು, ಬಂದಾಗಿನಿಂದ ಮಾತು ನಿಲ್ಲಿಸಲಿಲ್ಲ. ಆದರೆ ಮದುವೆಯಾದ ಮೇಲೆ ಅವಳು ಕದರು ಮುಟ್ಟಿರಲಿಲ್ಲ. ಒಂದು ಗೇಣು ನೂಲುವಷ್ಟರಲ್ಲಿ ಎಳೆ ನಾಲ್ಕೈದು ಕಡೆ ಹರಿಯಿತು.

ಆಗ ವೈನಿ ಒಂದು ದಾರಿ ಹುಡುಕಿದಳು. ಭಂಡಾರಕವಠೆಯವಳು ಕದರಿನ ತುದಿಯನ್ನು ಬೆರಳಿಂದ ಮುಟ್ಟಿಕೊಂಡು ಕೂಡುವುದು, ಉಣ್ಣೆ ಎಳೆದು ಕದರು ತಿರುಗಿಸುವುದು ನಾನು. ನೂತವಳು ಅವಳು ಎಂದಾಯಿತು, ಕೆಲಸವೂ ಆಯಿತು.

"ಕೈ ನಿಂದು, ಹೆಸರ ಅಕಿಂದು," ಎಂದಳು ವೈನಿ. "ದೇವರಿಗೇನು, ಅಂವಗ ದಾರ ಬೇಕು."

ಹೇಳಿ ಬಾಗಿಲು ಮುಚ್ಚಿಸಿದಳು. ಸುಡುವ ಮಧ್ಯಾಹ್ನ, ತಗಡಿನ ಮನೆ. ಬಾಗಿಲು ಯಾಕೆ ಎಂದು ಯಾರೂ ಕೇಳಲಿಲ್ಲ, ಓಣಿಯಲ್ಲಿ ಹೋಗುವವರಿಗೆ ಕದರಿನ ಮೇಲೆ ನನ್ನ ಕೈ ಕಾಣಬಾರದು. ನಾನು ಹುಟ್ಟಿದ ಮನೆ, ನಾನು ನೂಲಲು ಕಲಿತ ಪಡಸಾಲೆ. ಅಲ್ಲಿ ಕದ್ದವಳ ಹಾಗೆ ಕೂತೆ. ಇದಕ್ಕೆ ಒಪ್ಪಬಾರದಿತ್ತು ಎಂದು ಈಗ ಹೇಳುವುದು ಸುಲಭ. ಖರೇ ಹೇಳಬೇಕೆಂದರೆ ಒಳಗೆ ಸಂತೋಷವೂ ಆಗಿತ್ತು. ಉಣ್ಣೆ ಬೆರಳ ನಡುವೆ ಹರಿದಾಗ ಅದರ ಜಿಡ್ಡು, ಅದರ ವಾಸನೆ, ಕೈ ಏನನ್ನೂ ಮರೆತಿರಲಿಲ್ಲ. ಆ ಸಂತೋಷಕ್ಕೂ ನಾಚಿಕೆಪಟ್ಟೆ.

ವೈನಿ ಕಥೆ ಶುರು ಮಾಡಿದಳು. ಬೀರೋಬಾ ಕೂಸಾಗಿದ್ದಾಗ ಅವನನ್ನು ತೊಟ್ಟಿಲ ಸಮೇತ ಅಡವಿಯಲ್ಲಿ ಬಿಟ್ಟು ಹೋದರು. ಹಸಿದು ಅತ್ತರೆ ಒಂದು ಕರಿ ಕುರಿ ಬಂದು ಹಾಲು ಕೊಟ್ಟು ಹೋಯಿತು. ಹೋಗುವಾಗ ಅದರ ಉಣ್ಣೆ ಜಾಲಿಯ ಮುಳ್ಳಿಗೆ ಸಿಕ್ಕಿ ಅಲ್ಲೇ ಉಳಿಯಿತು. ಆ ದಾರಿಯಲ್ಲಿ ಮಾಯವ್ವ ದೇವಿ ಬಂದಳು, ಕೂಸನ್ನು ಎತ್ತಿಕೊಂಡಳು. ಅಡವಿಯಲ್ಲಿ ಕೂಸಿಗೆ ಯಾರ ಕಣ್ಣು ಬೀಳುವುದೋ ಎಂದು ಮುಳ್ಳಿನ ಉಣ್ಣೆ ಬಿಡಿಸಿ, ಬಲತೊಡೆಯ ಮೇಲೆ ಕೂಸು ಮಲಗಿತ್ತೆಂದು ಎಡತೊಡೆಯ ಮೇಲೆ ಹೊಸೆದು, ಕೈಗೆ ಕಟ್ಟಿದಳು. ಅದಕ್ಕೇ ಈ ದಾರಕ್ಕೆ ಎಡದ ಹುರಿ.

"ನಮ್ಮ ಕಡಿ ಹಂಗ ಹೇಳೂದಿಲ್ಲ," ಎಂದಳು ಭಂಡಾರಕವಠೆಯವಳು. "ಮೈಲಾರ ದೇವರು ಕುರುಬನ ವೇಷದಾಗ ಬಂದು ಹೆಗಲ ಮ್ಯಾಲಿನ ಕಂಬಳಿ ಅಂಚಿನ ಎಳಿ ಕಿತ್ತು ಕೊಟ್ಟ ಅಂತಾರ."

"ನಿಮ್ಮ ಕಡಿದು ನಿಮ್ಮ ಊರಾಗ ಹೇಳು. ಇಲ್ಲೆ ನಾ ಹೇಳಾಕತ್ತೀನಿ," ಎಂದು ವೈನಿ ಮುಂದುವರಿಸಿದಳು. "ಹೆತ್ತಾಕಿ ಬಿಟ್ಟು ಹೋಗಿದ್ಲು, ಮಾಯವ್ವ ಎತಗೊಂಡ್ಲು. ಮಾಯವ್ವಗ ಹೊಟ್ಟೀಲೆ ಹುಟ್ಟಿದ್ದು ಒಂದೂ ಇರಲಿಲ್ಲ..."

ಅಲ್ಲಿ ವೈನಿಯ ಮಾತು ನಿಂತಿತು.

ಇದು ಹೊಸ ಮಾತಲ್ಲ. ಅವ್ವ ಹೇಳುವಾಗಲೂ ಇದು ಬರುತ್ತಿತ್ತು, ಯಾರು ಹೇಳಿದರೂ ಬರುತ್ತದೆ. ನಾನೇ ನನ್ನ ಮದುವೆಗೆ ಮೊದಲು ಎಷ್ಟೋ ಸಲ ಕದರಿನ ಎದುರು ಕೂತು ಈ ಕಥೆ ಹೇಳಿದ್ದೇನೆ, ಈ ಮಾತಿನ ಸಮೇತ. ಒಂದು ಕಿವಿಯಿಂದ ಬಂದು ಇನ್ನೊಂದರಿಂದ ಹೋಗಿತ್ತು. ಅಂದು ಬಾಗಿಲು ಮುಚ್ಚಿದ ಪಡಸಾಲೆಯಲ್ಲಿ ಮೂವರೂ ಅದನ್ನು ಕೇಳಿದೆವು.

ಭಂಡಾರಕವಠೆಯವಳು ಕದರಿನಿಂದ ಬೆರಳು ತೆಗೆದಳು.

"ಹಂಗಾದ್ರ ನಾ ಯಾಕ ಬಂದೀನಿ?"

ಉತ್ತರ ಕೊಟ್ಟವಳು ನಾನೇ, ಅದೂ ಸಿಟ್ಟಿನಿಂದ.

"ಅಕಿ ದೇವರು. ದೇವರಿಗೆ ನಡೀತೈತಿ. ನಮಗ ಕಟ್ಟಳಿ ಕಟ್ಟಳೀನ."

ಯಾರ ಪರವಾಗಿ ಹಾಗೆ ಜಗಳಕ್ಕೆ ನಿಂತೆ? ನನ್ನನ್ನು ಬಾಗಿಲ ಬಳಿ ಕೂರಿಸಿದ ಕಟ್ಟಳೆಯ ಪರವಾಗಿ. ಅದು ಸುಳ್ಳಾದರೆ ಇಷ್ಟು ವರ್ಷ ನಾನು ತೊಟ್ಟಿಲುಗಳಿಂದ ದೂರ ಕೂತದ್ದಕ್ಕೆ ಅರ್ಥವೇ ಇಲ್ಲವಾಗುತ್ತಿತ್ತು. ಅಷ್ಟು ದೊಡ್ಡ ದಡ್ಡತನವನ್ನು ಒಪ್ಪಿಕೊಳ್ಳುವುದಕ್ಕಿಂತ ಅಪಶಕುನದವಳಾಗಿ ಇರುವುದೇ ವಾಸಿ ಎನಿಸಿರಬೇಕು.

ವೈನಿ ನನ್ನ ಕೈಯಲ್ಲಿದ್ದ ಎಳೆಯನ್ನು ತೋರಿಸಿದಳು. "ಮಾತಾಡಿದಿ. ನೂಲಾಕಿ ಮಾತಾಡಬಾರದು."

"ನೂಲಾಕಿ ನಾನಲ್ಲಾ?" ಎಂದಳು ಭಂಡಾರಕವಠೆಯವಳು. "ನಾ ಆಗಿಂದ ಮಾತಾಡಾಕತ್ತೀನಿ. ನನಗ ಯಾರೂ ಬ್ಯಾಡ ಅನಲಿಲ್ಲ."

ವೈನಿ ನಕ್ಕಳು. ಲಕ್ವಾ ಹೊಡೆದ ಮೇಲೆ ಅವಳ ನಗೆ ಒಂದೇ ಕಡೆ ಬರುತ್ತದೆ. ಆಮೇಲೆ ಆ ನೂಲನ್ನು ಹರಿದು ಒಗೆಯಲು ಹೇಳಿದಳು. ಉಣ್ಣೆ ಇನ್ನೂ ಉಳಿದಿತ್ತು.

"ಮೊದಲಿಂದ ನೂಲು. ಈ ಸಲ ನೀ ಒಬ್ಬಾಕಿನ."

ನಾನು ಕದರು ಕೆಳಗಿಟ್ಟು ಬೇಡ ಎಂದೆ. ನಿನ್ನ ಮಗಳ ಕೂಸು, ಹೆಚ್ಚುಕಡಿಮೆ ಆದರೆ ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ ಎಂದೆ. ವೈನಿ ಕದರನ್ನು ಎಡಗೈಯಿಂದ ಮತ್ತೆ ನನ್ನ ಕಡೆ ಸರಿಸಿದಳು.

"ನಿನ್ನ ಮಗಳಿಗೆ ದಾರ ನೂತಾಕಿ ಯಾರು?" ಎಂದು ಕೇಳಿದಳು.

ಅವಳೇ. ನನಗೆ ನೆನಪಿತ್ತು. ಆಗ ವೈನಿಯ ಉಡಿಯಲ್ಲಿ ಗಂಡೊಂದು ಹೆಣ್ಣೊಂದು, ಊರಲ್ಲೇ ಅವಳಿಗಿಂತ ತಕ್ಕವಳು ಇರಲಿಲ್ಲ. ಕರಿ ಮರಿಯ ಮೊದಲ ಉಣ್ಣೆ, ಎಡದ ಹುರಿ, ಮುಚ್ಚಿದ ಬಾಯಿ, ಎಲ್ಲ ಬರೋಬರ್ ಇತ್ತು.

"ನಾ ನೂತ ದಾರ ಕಟಗೊಂಡು ಅಕಿ ಹೋದ್ಲು. ನನ್ನ ಕದರ ಯಾರೂ ತಗೀಲಿಲ್ಲ, ನಿಂದು ತಗದ್ರು. ಅವತ್ತ ನಾ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ಆಡಿದ್ರ ನನ್ನದೂ ತಗೀತಿದ್ರು ಅಂತ ಅಂಜಿದ್ನಿ."

ಅವಳು ಅಳಲಿಲ್ಲ. ನಾನು ಅತ್ತೆ. ಭಂಡಾರಕವಠೆಯವಳು ಬಾಗಿಲು ತೆರೆದು, ಇಷ್ಟು ಸೆಕೆಯಲ್ಲಿ ಹೆಂಗ ಕುಂಡ್ರತೀರಿ ಎಂದು ಗೊಣಗುತ್ತ ಹೊಸ್ತಿಲ ಮೇಲೆ ಕೂತಳು. ಓಣಿಯಲ್ಲಿ ನೀರಿನ ಕೊಡ ಹೊತ್ತವರು ಹೋದರು, ಒಬ್ಬಳು ನಿಂತು ಒಳಗೆ ನೋಡಿ ಮುಂದೆ ನಡೆದಳು. ನಾನು ಬಾಯಿ ಮುಚ್ಚಿ ಕದರು ಎಡಕ್ಕೆ ತಿರುಗಿಸಿದೆ. ವೈನಿ ಕಥೆಯನ್ನು ಮೊದಲಿನಿಂದ ಹೇಳಿದಳು, ಮಾಯವ್ವನ ಮಾತು ಬಂದಾಗ ಎಲ್ಲೂ ನಿಲ್ಲಲಿಲ್ಲ. ದಾರ ಸಣ್ಣಗೆ, ಒಂದೇ ಸಮ ಬಂತು. ಬಸ್ಸಿಗೆ ಹೊರಟಾಗ ವೈನಿ ಅದನ್ನು ನನ್ನ ಕೈಯಲ್ಲಿಟ್ಟು ಹೇಳಿದಳು:

"ನನಗ ಬರಾಕ ಆಗೂದಿಲ್ಲ. ನೀನ ಒಯ್ದು ಕೊಡು. ಯಾರು ನೂತದ್ದು ಅಂತ ಕೇಳಿದ್ರ ನಿನ್ನ ಹೆಸರ ಹೇಳು."

ಹೇಳುತ್ತೇನೆ ಎಂದೆ. ಬಸ್ಸಿನಲ್ಲಿ ಕೂತು ನಾನೇ ನೂತದ್ದು ಎಂಬ ಮಾತನ್ನು ಮನಸ್ಸಿನಲ್ಲೇ ಮರಾಠಿಯಲ್ಲಿ ಹೇಳಿ ನೋಡಿಕೊಂಡೆ. ಸುಲಭದ ಮಾತು, ಎರಡೇ ಪದ.

ಕೂಸು ಚೆನ್ನಾಗಿ ಹುಟ್ಟಿತು, ಗಂಡು. ವೈನಿಗೆ ಕೈ ಏಳದ್ದರಿಂದ ಚಪಳಗಾಂವದಲ್ಲಿ ಆರೈಕೆ ಆಗುವಂತಿರಲಿಲ್ಲ, ಅದಕ್ಕೆ ಬಾಣಂತನವನ್ನು ಸೊಲ್ಲಾಪುರದ ಅತ್ತೆಯ ಮನೆಯಲ್ಲೇ ಮಾಡಿದರು. ಐದನೆಯ ದಿನದ ಪೂಜೆಗೆ ಅವರು ಪಾಚವಿ ಎನ್ನುತ್ತಾರೆ. ಮನೆ ತುಂಬ ಹೆಂಗಸರು. ನಾನು ರೂಢಿಯ ಹಾಗೆ ಬಾಗಿಲ ಕಡೆಯೇ ಹೋಗುತ್ತಿದ್ದೆ, ಆದರೆ ದಾರ ತಂದವಳೆಂದು ಕೂಸಿನ ಪಕ್ಕದಲ್ಲೇ ಕೂರಿಸಿದರು. ಅಡುಗೆಮನೆಯ ಬಾಗಿಲಲ್ಲಿ ಆ ಮನೆಯ ಕಿರಿಯ ಸೊಸೆ ನಿಂತಿದ್ದಳು, ನಮ್ಮ ಹುಡುಗಿಯ ಮೈದುನನ ಹೆಂಡತಿ. ಅಕ್ಕಲಕೋಟದ ಕಡೆಯವಳು, ಬಾಣಂತಿಯನ್ನು ಬಿಟ್ಟರೆ ಆ ಮನೆಯಲ್ಲಿ ನನ್ನೊಡನೆ ಕನ್ನಡ ಆಡುವವಳು ಅವಳೊಬ್ಬಳೇ. ಹಿಂದಿನ ವರ್ಷ ಹೆತ್ತು ಕೆಲವೇ ದಿನದಲ್ಲಿ ಕೂಸನ್ನು ಕಳೆದುಕೊಂಡಿದ್ದಳು. ಬೆಳಗಿನಿಂದ ಅಡುಗೆ, ಚಹಾ, ಪಾತ್ರೆ ಎಲ್ಲ ಅವಳೇ ಮಾಡಿದ್ದಳು. ಪೂಜೆಯ ತಾಟನ್ನೂ ಅವಳೇ ಜೋಡಿಸಿ ತಂದು ಇನ್ನೊಬ್ಬರ ಕೈಗೆ ಕೊಟ್ಟು ಹಿಂದೆ ಸರಿದಿದ್ದಳು.

ಹುಡುಗಿಯ ಅತ್ತೆ ಒಳ್ಳೆಯ ಹೆಂಗಸು, ಯಾರಿಗೂ ಗಡುಸು ಮಾತಾಡಿದ್ದನ್ನು ನಾನು ಕೇಳಿಲ್ಲ. ದಾರವನ್ನು ಬೆಳಕಿಗೆ ಹಿಡಿದು ನೋಡಿದರು, ಬೆರಳಲ್ಲಿ ಉಜ್ಜಿದರು. ಇಷ್ಟು ಚೆಂದದ ಕೈನೂಲು ನೋಡಿ ಎಷ್ಟು ಕಾಲವಾಯಿತು ಎಂದು ಎಲ್ಲರಿಗೂ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಕುಣಿ ಕಾತಲಾ?"

ಯಾರು ನೂತರು ಎಂದು. ಎಲ್ಲರೂ ನನ್ನ ಮುಖ ನೋಡಿದರು. ಬಾಣಂತಿ ನೋಡಿದಳು. ಬಸ್ಸಿನಲ್ಲಿ ಕಲಿತು ಇಟ್ಟುಕೊಂಡಿದ್ದ ಮಾತನ್ನು ಬಿಟ್ಟು ಭಂಡಾರಕವಠೆಯ ನಮ್ಮ ನೆಂಟರು ಎಂದೆ. ಕೇಳದಿದ್ದರೂ, ಮಕ್ಕಳು ಮೊಮ್ಮಕ್ಕಳು ಎಲ್ಲ ಚೆನ್ನಾಗಿದ್ದಾರೆ ಎಂದು ಸೇರಿಸಿದೆ. ಅತ್ತೆ ಸಮಾಧಾನದಿಂದ ತಲೆಯಾಡಿಸಿದರು. ಇಂಥದ್ದಕ್ಕೆ ಕೈ ಶುದ್ಧವಿರಬೇಕು, ಕಳೆದುಕೊಂಡವರ ಕೈ ಆಗಬಾರದು ಎಂದರು. ಅದಕ್ಕೆ ನಾನೂ ತಲೆಯಾಡಿಸಿದೆ. ಹೌದೆನ್ನುವವಳ ಹಾಗೆ, ತಿಳಿದವಳ ಹಾಗೆ.

ದಾರ ಕಟ್ಟಿದರು. ಎಲ್ಲರೂ ಕೂಸಿನ ಮೇಲೆ ಬಾಗಿದಾಗ ನಾನು ಅಡುಗೆಮನೆಯ ಕಡೆ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ.

ಎದ್ದು ಒಳಗೆ ಹೋದೆ. ಕಿರಿಯ ಸೊಸೆ ಪಾತ್ರೆ ತೊಳೆಯುವ ಮೋರಿಯ ಮುಂದೆ ಕೂತು ಚಹಾದ ಲೋಟ ತೊಳೆಯುತ್ತಿದ್ದಳು. ನನ್ನನ್ನು ಕಂಡು ಕೈ ಒರೆಸಿಕೊಂಡು ಎದ್ದಳು. ನನ್ನನ್ನು ಬಾಯಾರ ಎಂದು ಕರೆಯುತ್ತಾಳೆ, ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದೇ ಹಾಗೆ.

"ಬಾಯಾರ, ಒಂದು ಕೇಳಲ್ರಿ? ಆ ಭಂಡಾರಕವಠೆದಾಕಿ ಕಡಿಂದ ನನಗೂ ಒಂದು ದಾರ ನೂಲಿಸಿ ಕೊಡ್ತೀರೇನ್ರಿ? ಈಗ ಬ್ಯಾಡ. ಮುಂದ ಏನರ ಆತಂದ್ರ. ಇಲ್ಲೆ ಯಾರಿಗೂ ಕೇಳಾಕ ನನಗ ನಾಚಿಕಿ ಬರತೈತಿ."

ಅವಳಿಗೆ ನನ್ನ ವಿಷಯ ಗೊತ್ತಿರಲಿಲ್ಲ. ನಮ್ಮ ಹುಡುಗಿಯನ್ನು ಬಿಟ್ಟರೆ ಸೊಲ್ಲಾಪುರದಲ್ಲಿ ಯಾರಿಗೂ ಗೊತ್ತಿಲ್ಲ, ಮಕ್ಕಳಾಗಲಿಲ್ಲ ಎಂದಷ್ಟೇ ತಿಳಿದಿದ್ದಾರೆ, ನಾನೇ ಹಾಗೆ ತಿಳಿಯಲು ಬಿಟ್ಟಿದ್ದೇನೆ. ಹೊರಗೆ ಕೇಳಿಸದ ಹಾಗೆ ದನಿ ತಗ್ಗಿಸಿದೆ.

"ಅಕಿ ನೂತಿಲ್ಲವಾ. ನಾ ನೂತೀನಿ. ನಂದೂ ಒಂದು ಹೋಗೈತಿ, ನಡಿಯೂಕಿಂತ ಮೊದಲ."

ಅವಳು ನನ್ನ ಮುಖ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು. ಇವಳಿಗೆ ಸಮಾಧಾನವಾದೀತು, ನನ್ನ ಕೈ ಹಿಡಿದಾಳು ಎಂದುಕೊಂಡಿದ್ದೆ. ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಹೆಮ್ಮೆಯೂ ಆಗಲೇ ಮೂಡತೊಡಗಿತ್ತು.

"ಮತ್ತ ಹೊರಗ ಯಾಕ ಹೇಳಲಿಲ್ರಿ?" ಎಂದಳು. "ನಾ ಅಲ್ಲೇ ಬಾಗಿಲದಾಗ ನಿಂತಿದ್ನಲ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದ್ದನ್ನು ಕೇಳುವ ಮಕ್ಕಳ ದನಿ. ಅವಳು ಮತ್ತೆ ಮೋರಿಯ ಮುಂದೆ ಕೂತಳು. ಹೊರಗೆ ಹೆಂಗಸರೆಲ್ಲ ಇನ್ನೂ ಕೂತಿದ್ದರು, ದಾರದ ಮಾತೇ ನಡೆದಿತ್ತು, ಹೋಗಿ ಹೇಳಲು ಆಗಲೂ ಹೊತ್ತಿತ್ತು. ನಾನು ಗೂಟದ ಮೇಲಿನ ಬಟ್ಟೆ ತೆಗೆದುಕೊಂಡು, ಅವಳು ತೊಳೆದ ಲೋಟಗಳನ್ನು ಒರೆಸುತ್ತ ನಿಂತೆ.